ಹಿಂದಿನ ಸೀಟಿನ ಅತ್ತೆ

ನಮ್ಮತ್ತೆಯ ಹಣೆಯ ಕುಂಕುಮ ಯಾವಾಗಲೂ ಕಾರಿನ ಹಿಂದಿನ ಸೀಟಿನ ಪಕ್ಕದ ಗಾಜಿಗೆ ಮೆತ್ತಿಕೊಂಡಿರುತ್ತಿತ್ತು. ದಪ್ಪ ಮೈ, ಮೊಣಕಾಲು ಎದೆಗೆ ಬರುವಷ್ಟು ಇಕ್ಕಟ್ಟು. ಹಣೆಯನ್ನು ಗಾಜಿಗೆ ಆನಿಸದೆ ಕೂರಲು ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಆ ಗಾಜು ಇಳಿಯುತ್ತಲೂ ಇರಲಿಲ್ಲ.

ಕಾರು ಮಾವನವರದು. ಜಪಾನಿನ ನಮೂನೆಯ ಪುಟ್ಟ ಗಾಡಿ, ಎರಡೇ ಬಾಗಿಲು. ಮುಂದೆ ಕೂತವರು ಇಳಿದು ಸೀಟು ಬಗ್ಗಿಸಿದರೆ ಮಾತ್ರ ಹಿಂದಿದ್ದವರಿಗೆ ಬಿಡುಗಡೆ. ಬಂದ ಸ್ವಲ್ಪ ಕಾಲಕ್ಕೇ ಕಂಪನಿಯವರು ಅದನ್ನು ಮಾಡುವುದನ್ನೇ ನಿಲ್ಲಿಸಿದರು. ಬಿಡಿಭಾಗ ಸಿಗುತ್ತಿರಲಿಲ್ಲ. ಡ್ರೈವರ್ ಸೀಟು ಬಗ್ಗಿಸುವ ಹಿಡಿಕೆ ಮುರಿದದ್ದು ಮುರಿದೇ ಉಳಿಯಿತು. ಹಿಂದಿನವರಿಗೆ ಎಡಗಡೆಯ ಒಂದೇ ಬಾಗಿಲು. ಆದರೂ ಮಾರಲು ಮನಸ್ಸಿಲ್ಲ, ಯಲಬುರ್ಗಾದಲ್ಲಿ ಅಂಥದ್ದು ಇನ್ನೊಂದಿರಲಿಲ್ಲವಲ್ಲ! ಕಾಳುಕಡಿ ದಲಾಲಿಯ ಅಡತಿ ಅಂಗಡಿಯ ಸಾಹುಕಾರರಾದ ಮಾವ ಮುಂದೆ ಕೂರುತ್ತಿದ್ದರು, ನನ್ನ ಗಂಡ ಓಡಿಸುತ್ತಿದ್ದರು. ಹೆಂಗಸರು ಹಿಂದೆ.

ಅತ್ತೆಯ ತವರು ತಳಕಲ್. ಆ ದಾರಿಯಲ್ಲಿ ಹೋದಾಗಲೆಲ್ಲ, "ಒಂದ್ ಗಳಿಗಿ ನಿಂದರಸ್ರಿ, ಅಣ್ಣನ ಮಾರಿ ನೋಡಿ ಬರ್ತೀನಿ," ಎನ್ನುತ್ತಿದ್ದರು.

"ಬರೂವಾಗ ನೋಡೂಣು," ಎನ್ನುತ್ತಿದ್ದರು ಮಾವ. ಬರುವಾಗ ಅವರಿಗೆ ನಿದ್ದೆ.

"ಕೋಳಿ ಬುಟ್ಟ್ಯಾಗ ಕುಂತಂಗ ಆಗೇತಿ ನೋಡವಾ," ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದರು. ನನಗೆಲ್ಲಿಯ ನಗು, ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ನನಗೆ ಕುಷ್ಟಗಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. "ನಮ್ಮ ಮನಿ ಸೊಸಿ ರಾತ್ರಿ ಪಾಳಿ ಮಾಡೂದ? ಮಂದಿ ಏನಂದಾರು!" ಎಂದು ಮಾವ ಕಡ್ಡಿ ಮುರಿದಂತೆ ಹೇಳಿದರು. ಗಂಡ ಕಾರು ಒರೆಸಲು ಎದ್ದು ಹೋದರು. ದಿನಗಳು ಕಳೆದು, ಕೆಲಸಕ್ಕೆ ಹಾಜರಾಗಲು ನಾಳೆಯೇ ಕೊನೆ ಎನ್ನುವಂತಾಯಿತು. ಅಂದು ಗಂಗಾವತಿಯಲ್ಲಿ ಬೀಗರ ಮನೆಯ ಮದುವೆ ಬೇರೆ. ಅತ್ತು ಊದಿದ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಹೊರಟೆ.

ಕಾರಿನ ಹತ್ತಿರ ಅತ್ತೆ ಹೊಟ್ಟೆ ಹಿಡಿದು ನಿಂತರು. "ಹೊಟ್ಟಿ ತೊಳಸಾಕತ್ತೈತ್ರಿ. ಹಿಂದ ಕುಂತ್ರ ಖರೇನ ವಾಂತಿ ಆಗ್ತೈತಿ." ಮಾವನಿಗೆ ಸೀಟಿನ ಮೇಲೆ ಜೀವ, ಗೊಣಗುತ್ತ ತಾವೇ ಹಿಂದೆ ತೂರಿಕೊಂಡರು. ಅಯ್ಯೋ, ಮಾವನ ಪಕ್ಕ ಸೊಸೆ ಕೂರುವುದೆಂದರೆ! ನಾನು ಸೆರಗು ಬಿಗಿದುಕೊಂಡು ಹಲ್ಲಿಯಂತೆ ಗಾಜಿಗಂಟಿ ಕೂತೆ.

ಕಲ್ಯಾಣ ಮಂಟಪದ ಮುಂದೆ ಕಾರು ನಿಂತಿತು. ಅತ್ತೆ ಇಳಿಯಲಿಲ್ಲ.

"ಏ, ಇಳಿ. ಅಕ್ಕಿಕಾಳು ಹಾಕೂ ಹೊತ್ತಾತು," ಎಂದರು ಮಾವ.

"ಸೊಸಿ ನಾಳೆ ಕೆಲಸಕ್ಕ ಹೋಗ್ಲಿ ಅನ್ರಿ, ಇಳೀತೀನಿ."

"ಹುಚ್ಚ ಹಿಡದೈತೇನು ನಿನಗ?"

"ಹೂಂರಿ, ಹಿಡದೈತಿ."

ಒಳಗೆ ವಾಲಗ ಜೋರಾಯಿತು. ಬೀಗರು ಬಂದು ಗಾಜಿನಲ್ಲಿ ಇಣುಕಿದರು: "ಯಾಕ್ರಿ ಸಾವ್ಕಾರ್ರ, ಒಳಗ ಕುಂತೀರಲ್ಲ?" ಮಾವನ ಮುಖದಿಂದ ಬೆವರು ಇಳಿಯುತ್ತಿತ್ತು. ಗಂಡ ಸ್ಟೀರಿಂಗ್ ನೋಡುತ್ತ ಕೂತಿದ್ದರು, ಇಳಿದು ಬಂದು ತಾಯಿಯನ್ನು ಎಬ್ಬಿಸಲು ಹೋಗಲಿಲ್ಲ; ಅಷ್ಟು ಉಪಕಾರವನ್ನಾದರೂ ಮಾಡಿದರು, ಪುಣ್ಯಾತ್ಮ.

"ಆತು, ಹೋಗ್ಲಿ! ಇಳಿ ಮಾರಾಯ್ತಿ!"

"ಹೇಮಗುಡ್ಡದ ದುರ್ಗವ್ವನ ಆಣಿ ಮಾಡ್ರಿ."

ಮಾಡಿದರು. ಅತ್ತೆ ನಿಧಾನವಾಗಿ ಇಳಿದು, ಸೀಟು ಬಗ್ಗಿಸಿದರು.

ಮರಳುವಾಗ ಅವರು ತಾವಾಗಿಯೇ ಹಿಂದೆ ಬಂದು ಕೂತರು. ಮಾವ ಗೊರಕೆ ಹೊಡೆಯತೊಡಗಿದ ಮೇಲೆ ಮೆಲ್ಲಗೆ, "ತಳಕಲ್ಲಿಗೆ ಹೋಗೂದನ್ನೂ ಅವಾಗ ಕೇಳಬೇಕಿತ್ತಲ್ರಿ ಅತ್ತಿ," ಎಂದೆ.

"ಒಮ್ಮಿಗೆ ಒಂದ ಕೇಳಬೇಕವಾ. ಎರಡು ಕೇಳಿದ್ರ ಎರಡೂ ಹೋಗ್ತಾವ."

ತಮ್ಮದನ್ನು ಬಿಟ್ಟು ನನ್ನದನ್ನು ಕೇಳಿದ್ದರು.

ನಾನು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಅತ್ತೆ ಹಾಸಿಗೆ ಹಿಡಿದರು. ರಜೆ ಹಾಕುತ್ತೇನೆಂದರೆ ಕೇಳಲಿಲ್ಲ. "ಬ್ಯಾಡ. ನೀ ಮನ್ಯಾಗ ಕುಂತಿ ಅಂದ್ರ ಇವರು ಅದನ್ನ ರೂಢಿ ಮಾಡ್ತಾರ. ಹೋಗು, ನಾ ಇರ್ತೀನಿ." ಹೋದೆ. ವಾರ್ಡಿನಲ್ಲಿ ಯಾರದೋ ಅತ್ತೆಗೆ ಗ್ಲುಕೋಸ್ ಏರಿಸುತ್ತಿದ್ದಾಗ ಮನೆಯಿಂದ ಫೋನು ಬಂತು.

ಅತ್ತೆಯ ದಿನಕರ್ಮ ಮುಗಿದ ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟು ನಿಂತೆ. "ಇಷ್ಟ ಲಗೂನ?" ಎಂದು ನೆಂಟರು ಮೂಗಿನ ಮೇಲೆ ಬೆರಳಿಟ್ಟರು. ಹೌದು, ಇಷ್ಟು ಲಗೂನೇ. ಹೊತ್ತಿಗೆ ಸರಿಯಾಗಿ ಹಾಜರಾಗುವುದೊಂದನ್ನು ಬಿಟ್ಟರೆ ಅತ್ತೆಗೆ ಕೊಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ.