ಓತಾಕರನ ಸೋಲೋ, ಲ್ಯೂಬೋರನ ಸೋಲು

ಮಾರ್ಚ್ ತಿಂಗಳ ಒಂದು ಭಾನುವಾರ ವಾದ್ಯವೃಂದದ ಕಛೇರಿಯಲ್ಲಿ, ಮಂದಗತಿಯ ಭಾಗದ ನಟ್ಟನಡುವೆ, ಓತಾಕರ್ ವ್ರಾನಾನ ಸೆಲ್ಲೋ, ಆ ದೊಡ್ಡ ಪಿಟೀಲಿನಂಥ ವಾದ್ಯ, ಜಾರಿತು. ಬುಡದ ಉಕ್ಕಿನ ಮೊನೆ ನೆಲದ ಹಲಗೆಯ ತೂತಿನಿಂದ ತಪ್ಪಿಸಿಕೊಂಡು, ಮೇಣ ತಿಕ್ಕಿದ ನೆಲದ ಮೇಲೆ ಸರ್ರನೆ ಹೋಗಿ, ನಿರ್ದೇಶಕರ ಪ್ಯಾಂಟಿನ ಅಂಚಿಗೆ ಚುಚ್ಚಿಕೊಂಡಿತು. ವಾದ್ಯದ ಕುತ್ತಿಗೆ ಹಿಡಿದಿದ್ದ ಓತಾಕರ್ ಅದರ ಹಿಂದೆಯೇ ಹೋಗಿ ಮಂಡಿಯೂರಿದ. ಆಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಪಕ್ಕದ ಕುರ್ಚಿಯ ಲ್ಯೂಬೋರ್ ಹ್ಲಾವಾಚನಿಗೆ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದಂತಾಯಿತು. ತಾನು ಜಾರಿದ್ದರೆ ಕಚೇರಿಗೆ ಕರೆ ಬರುತ್ತಿತ್ತು. ಇವನು ಜಾರಿದರೆ ಅದೂ ಕಛೇರಿ.

ಸೆಲ್ಲೋ ಸಾಲಿನಲ್ಲಿ ಇಬ್ಬರಿಗೆ ಒಂದೇ ಸ್ವರಪುಸ್ತಕ. ಜನರ ಕಡೆ ಕೂತವನು ಯಜಮಾನ, ಒಳಗಡೆ ಕೂತವನು ಪುಟ ತಿರುಗಿಸಬೇಕು. ಮೂವತ್ತೇಳು ವರ್ಷದಿಂದ ಲ್ಯೂಬೋರ್ ತಿರುಗಿಸುತ್ತಲೇ ಇದ್ದ. ಪುಟದ ಕೊನೆಯ ನಾಲ್ಕು ಸ್ವರಗಳನ್ನು ಅವನು ಜನ್ಮದಲ್ಲಿ ನುಡಿಸಿರಲಿಲ್ಲ. ಪಕ್ಕವಾದ್ಯವೆಂದರೆ ಪಕ್ಕಕ್ಕೆ ಸರಿಸಿದ ವಾದ್ಯ ಎಂಬುದು ಅವನು ಕಂಡುಕೊಂಡ ಅರ್ಥ. ಒಬ್ಬನೇ ನುಡಿಸುವ ಭಾಗ ಬಂದಾಗ ಉಳಿದವರೆಲ್ಲ ಕಮಾನು ಕೆಳಗಿಟ್ಟು ಓತಾಕರನನ್ನು ಕೇಳುತ್ತಿದ್ದರು. ಅವನಿಗೆ ಸೋಲೋ, ಇವನಿಗೆ ಸೋಲು.

ಆ ಜೂನ್‌ನಲ್ಲಿ ಓತಾಕರನ ನಿವೃತ್ತಿ. ಬೀಳ್ಕೊಡುಗೆಯ ಹೊತ್ತಗೆಗೆ ಅವನ ಜೀವನಚಿತ್ರ ಬೇಕಿತ್ತು. ಕಚೇರಿಯ ಹೆಂಗಸು ನೇರವಾಗಿ ಲ್ಯೂಬೋರನ ಹತ್ತಿರ ಬಂದಳು.

“ಅವರನ್ನ ನಿಮ್ಮಷ್ಟು ಹತ್ರದಿಂದ ನೋಡಿದೋರು ಇನ್ಯಾರಿದ್ದಾರೆ, ಹೇಳಿ?”

“ಎಡಗಿವಿ ಮಾತ್ರ ನೋಡಿದೀನಿ,” ಎಂದ ಲ್ಯೂಬೋರ್. ಆದರೂ ಒಪ್ಪಿಕೊಂಡ.

ಮನೆಯಲ್ಲಿ ಬರೆಯಲು ಕೂತ. ಹೆಂಡತಿ ಹೆಡ್ವಿಕಾ ಕ್ನೆಡ್ಲೀಕಿ ಕಡುಬಿನ ಹಿಟ್ಟು ನಾದುತ್ತ ಓದಿ ಹೇಳೆಂದಳು. “‘ಓತಾಕರ್ ಹಾನಾ ಬಯಲಿನ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಮರ ಕೊಯ್ಯುತ್ತಿದ್ದರು. ಮಗನೂ ಕಮಾನು ಹಿಡಿದು ಅದೇ ಕಸುಬು ಮುಂದುವರಿಸಿದರು.’”

“ಹೊಡೆದುಹಾಕು ಅದನ್ನ.”

“ನಿಜವಾಗ್ಲೂ ತಂದೆ ಮರ ಕೊಯ್ತಿದ್ರು.”

“ನಿನ್ನ ಹೊಟ್ಟೆಕಿಚ್ಚಲ್ಲಿ ಈ ಹಿಟ್ಟು ಬೇಯಿಸ್ಬಹುದು. ಒಲೆ ಹಚ್ಚೋದೇ ಬೇಡ.”

ಹೊಡೆದುಹಾಕಿದ. ಒಂಬತ್ತನೇ ವಯಸ್ಸಿಗೆ ಸೆಲ್ಲೋ, ಹದಿನೈದಕ್ಕೆ ಕ್ರೊಮ್ಯೆರಿಷ್‌ನ ಸಂಗೀತ ಶಾಲೆ ಎಂದು ಬರೆದ. ಸೆಲ್ಲೋ ನುಡಿಸುತ್ತ ಕವಾಯತು ಮಾಡಲಾಗದೆ ಓತಾಕರ್ ಎರಡು ವರ್ಷ ಸೈನ್ಯದ ಬ್ಯಾಂಡಿನಲ್ಲಿ ತಾಳ ಕುಟ್ಟಿದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆದ. ತೊಂಬತ್ನಾಲ್ಕರ ಜಪಾನ್ ಪ್ರವಾಸಕ್ಕೆ ಬಂದಾಗ ಕೈ ನಿಧಾನವಾಯಿತು. ಅಲ್ಲಿಯ ಪತ್ರಿಕೆಯಲ್ಲಿ ಓತಾಕರನ ಚಿತ್ರ ದೊಡ್ಡದಾಗಿ ಬಂದಿತ್ತು. ಅಂಚಿನಲ್ಲಿ ಲ್ಯೂಬೋರನ ಮೊಣಕೈ. ಅವನ ತಾಯಿ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ, ಮನೆಗೆ ಬಂದವರಿಗೆಲ್ಲ ಮೊಣಕೈಯನ್ನು ಪರಿಚಯಿಸುತ್ತಿದ್ದರು.

ಒಂದು ವಾಕ್ಯದಲ್ಲಿ ಮಾತ್ರ ಪೆನ್ನು ಪೂರ್ತಿ ನಿಂತಿತು: “೧೯೮೨ರಲ್ಲಿ ಮೊದಲ ಕುರ್ಚಿಯ ಪರೀಕ್ಷೆಯಲ್ಲಿ ಓತಾಕರ್ ಗೆದ್ದದ್ದು…”

ಏಕೆ ಗೆದ್ದದ್ದು? ಪರದೆಯ ಹಿಂದೆ ಕೂತು ನುಡಿಸಿದ್ದು ಇಬ್ಬರೇ. ಲ್ಯೂಬೋರ್ ಸಂಗೀತದ ಮೇಷ್ಟರ ಮಗ. ಐದನೇ ವಯಸ್ಸಿನಿಂದ ಬೆಳಗಿನ ತಿಂಡಿಗೆ ಮೊದಲು ಸ್ವರಾಭ್ಯಾಸ ಮಾಡಿದವನು. ಸಮಿತಿಯಲ್ಲಿ ಓತಾಕರನ ಸೋದರಮಾವ ಇದ್ದಿರಬೇಕು ಎಂದು ಹತ್ತು ವರ್ಷ ನಂಬಿದ. ಸೋದರಮಾವನೇ ಇಲ್ಲವೆಂದು ತಿಳಿದ ಮೇಲೆ ಆಗ ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯ ಕೈವಾಡವನ್ನು ನಂಬಿದ. ಇನ್ನೂ ಒಂದು ಸಾಧ್ಯತೆ ಇತ್ತು. ಅದನ್ನು ಅವನು ಹೆಂಡತಿಯ ಮುಂದೂ ಹೇಳಿರಲಿಲ್ಲ. ಓತಾಕರನೇ ಚೆನ್ನಾಗಿ ನುಡಿಸಿದ್ದರೆ?

“ಹೋಗಿ ಕೇಳು,” ಎಂದಳು ಹೆಡ್ವಿಕಾ. “ಮೂವತ್ತೇಳು ವರ್ಷದಿಂದ ನಿದ್ದೇಲೂ ಕೇಳ್ತಿದೀಯ. ಒಂದ್ಸಲ ಎದ್ದಿರುವಾಗ ಕೇಳು.”

ಓತಾಕರ್ ಊರಾಚೆಯ ತೋಟದಲ್ಲಿ ಪ್ಲಮ್ ಮರದ ಒಣ ಕೊಂಬೆ ಕತ್ತರಿಸುತ್ತಿದ್ದ. ಗುಡಿಸಲಿನ ಮುಂದೆ ಎರಡು ಪುಟ್ಟ ಲೋಟಕ್ಕೆ ಪ್ಲಮ್ ಬ್ರಾಂದಿ ಸುರಿದ.

“ಬಾರೋ. ನನ್ನ ಚರಿತ್ರೆ ಬರೀತಿದೀಯಂತೆ. ಸತ್ತಿದೀನಾ, ಬದುಕಿದೀನಾ ಅದರಲ್ಲಿ?”

“ಇನ್ನೂ ತೀರ್ಮಾನ ಮಾಡಿಲ್ಲ.”

“ಅಪ್ಪನೂ ನಾನೂ ಮರಗಿರ ಕೊಯ್ದದ್ದು ಬರೆದೆಯಾ?”

“ಬರೆದಿದ್ದೆ. ಹೆಡ್ವಿಕಾ ಬಿಡಲಿಲ್ಲ.”

“ಅಯ್ಯೋ, ಚೆನ್ನಾಗಿರ್ತಿತ್ತಲ್ಲ ಮಾರಾಯ.”

ಇದಕ್ಕೂ ಲ್ಯೂಬೋರನಿಗೆ ಉರಿಯಿತು. ತನ್ನನ್ನು ಆಡಿಕೊಂಡರೂ ನಗುವಷ್ಟು ನಿಶ್ಚಿಂತ ಈ ಮನುಷ್ಯ. ಬ್ರಾಂದಿಯನ್ನು ಒಂದೇ ಗುಟುಕಿಗೆ ಮುಗಿಸಿ ಲೋಟ ಬೋರಲು ಹಾಕಿದ.

“ಓತಾ, ಎಂಬತ್ತೆರಡರ ಪರೀಕ್ಷೇಲಿ ನೀನು ನನಗಿಂತ ಚೆನ್ನಾಗಿ ನುಡಿಸಿದೆಯಾ? ಮುಲಾಜು ಬೇಡ. ಹೌದು ಅಂದ್ರೆ ಹೌದು ಅಂತಲೇ ಬರೀತೀನಿ.”

ಓತಾಕರ್ ಕತ್ತರಿ ಕೆಳಗಿಟ್ಟು ಅವನನ್ನು ಅಚ್ಚರಿಯಿಂದ ನೋಡಿದ.

“ನಿಂಗೆ ಯಾರೂ ಹೇಳ್ಲೇ ಇಲ್ವೇನೋ? ಎರಡನೇ ವಾರವೇ ಮ್ಯಾನೇಜರು ನಂಗೆ ಹೇಳಿದ್ರು. ಇಬ್ಬರಿಗೂ ಒಂದೇ ಅಂಕ. ಕಛೇರಿಗೆ ಹಾಕ್ಕೊಳ್ಳೋ ಬಾಲದ ಕೋಟು ಬೀರುವಿನಲ್ಲಿ ಎರಡೇ ಇದ್ವು, ಹೊಸದಕ್ಕೆ ಮಂಜೂರಾತಿ ಬರೋಕೆ ಒಂದು ವರ್ಷ. ದರ್ಜಿ ಬಂದು ಇಬ್ಬರ ಅಳತೇನೂ ತೊಗೊಂಡ ನೋಡು, ಅವತ್ತೇ ತೀರ್ಮಾನ ಆಯ್ತು. ನಂಗೆ ಒಂದು ಸರಿಹೋಯ್ತು. ನಿಂಗೆ ಎರಡರ ತೋಳೂ ಗಿಡ್ಡ. ನಿನ್ನ ಒಳಗಡೆ ಕೂರ್ಸಿದ್ರೆ ತೋಳು ಜನಕ್ಕೆ ಕಾಣಲ್ಲ ಅಂದ್ರು.”