ತಲೆವಸ್ತ್ರದ ಪಿನ್ನಿಗೆ ಬರಿಸಿದ ಹಸಿರು

ಪಿನ್ನುಗಳು ಹಳೆಯವಾಗಿ ಕಾಣಲೆಂದು ಉಸಿರಾಟ ಕೆಡಿಸಿಕೊಂಡವಳು ಮುಮ್ತಾಜ್. ಮಾಲೀಕರಿಗೆ ಕೆಮ್ಮು ಬರಲಿಲ್ಲ, ಕೊಂಡವರಿಗೂ ಬರಲಿಲ್ಲ.

ಕಳೆದ ವರ್ಷ ನಾನು ಚೆನ್ನೈನಲ್ಲಿ ಕಾರ್ಖಾನೆಗಳ ಸುರಕ್ಷತಾ ಸಲಹೆಗಾರ್ತಿಯಾಗಿದ್ದೆ. ಅಲ್ಲಿನ ಗಿಂಡಿ ಬಡಾವಣೆಯ ಒಂದು ಲೋಹದ ಕಾರ್ಖಾನೆ ತಪಾಸಣೆಗೆ ಕರೆಯಿತು. ಅಲ್ಲಿ ತಯಾರಾಗುತ್ತಿದ್ದುದು ಆಂಗ್ಲೋ-ಸ್ಯಾಕ್ಸನ್ ಪಿನ್ನುಗಳ ಪ್ರತಿಕೃತಿ. ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನ ಹೆಂಗಸರು ತಲೆವಸ್ತ್ರ ಜಾರದಂತೆ ಚುಚ್ಚಿಕೊಳ್ಳುತ್ತಿದ್ದ ಕಂಚಿನ ಪಿನ್ನುಗಳವು. ಇಂದು ಅಲ್ಲಿನ ಇತಿಹಾಸಪ್ರಿಯರು ಹಳೆಯ ಕಾಲದ ಉಡುಗೆ ತೊಡುವಾಗ ಇವನ್ನು ಬಳಸುತ್ತಾರೆ. ಅವರಿಗೆ ಮಾರುವ ವಿದೇಶಿ ಕಂಪನಿಯ ಷರತ್ತು: ಪಿನ್ನು ಆಗತಾನೇ ಅಗೆದು ತೆಗೆದಂತೆ ಹಸಿರುಗಟ್ಟಿರಬೇಕು.

ಈ ಹಸಿರು ಪದರಕ್ಕೆ ಪಟೀನಾ ಎನ್ನುತ್ತಾರೆ. ಮುಚ್ಚಿದ ತೊಟ್ಟಿಯಲ್ಲಿ ಅಮೋನಿಯ ದ್ರಾವಣದ ಮೇಲೆ ಪಿನ್ನುಗಳನ್ನು ತೂಗುಹಾಕಿದರೆ ಆವಿಗೆ ಕಂಚಿನ ಬಣ್ಣ ಬದಲಾಗುತ್ತದೆ. ಮುಚ್ಚಳ ತೆಗೆಯುವ ಕೆಲಸ ಮುಮ್ತಾಜ್‌ಳದು. ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇತ್ತು. ಅದರ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿದ್ದರು. ಕಿಟಕಿಯ ಸಂದುಗಳಿಗೂ ಟೇಪು.

ಮ್ಯಾನೇಜರ್ ಮೈಸೂರಿನ ಕಡೆಯವರು. "ಗಾಳಿ ಆಡಿದ್ರೆ ಕಲರ್ ಪ್ಯಾಚ್ ಪ್ಯಾಚ್ ಆಗುತ್ತೆ ಮೇಡಂ. ಮಾಸ್ಕ್ ಕೊಟ್ಟಿದೀವಲ್ಲ" ಎಂದರು.

ಅದು ಬಟ್ಟೆಯ ಮಾಸ್ಕ್. ಅಮೋನಿಯಕ್ಕೆ ಬಟ್ಟೆ ಯಾವ ಲೆಕ್ಕ?

"ಹಂಗಾದ್ರೆ ನಿಮ್ ಟೇಬಲ್ ಇಲ್ಲೇ ಹಾಕ್ಕೊಳ್ಳಿ ಸಾರ್" ಎಂದಳು ಮುಮ್ತಾಜ್. ಕೊಳ್ಳೇಗಾಲದಿಂದ ಮದುವೆಯಾಗಿ ಬಂದವಳು. ಅವಳ ಕನ್ನಡದಲ್ಲಿ ತಮಿಳು ಬೆರೆತಿತ್ತು. ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು; ಅದು ನಿಂತ ಮೇಲೆ ನನ್ನತ್ತ ತಿರುಗಿದಳು. "ಮೆಟ್ಲು ಹತ್ತಿದ್ರೆ ಮೂಚ್ಚು ಕಟ್ತದಕ್ಕಾ, ಉಸ್ರೇ ಬರಲ್ಲ. ಯಾತಕ್ಕೆ? ನನ್ ಸ್ಕಾರ್ಫಿನ ಪಿನ್ ನೋಡಿ, ಹೆಂಗ್ ಹೊಳೀತದೆ. ಪಚ್ಚೆ ಹಿಡಿದಿದ್ದು ಚುಚ್ಕೊಂಡು ಹೋದ್ರೆ ನಮ್ಮತ್ತೆ ಬಾಗಿಲಲ್ಲೇ ನಿಲ್ಲಿಸ್ತಾರೆ. ಆ ಕಾಲದ ಹೆಂಗಸ್ರಿಗೆ ಅತ್ತೇರು ಇರ್ಲಿಲ್ವಾ?"

ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಆ ಹೆಂಗಸರು ತೊಟ್ಟದ್ದು ಹೊಳೆಯುವ ಪಿನ್ನನ್ನೇ. ಹಸಿರು ಬಂದದ್ದು ಅವರು ಸತ್ತ ಮೇಲೆ, ಮಣ್ಣಿನೊಳಗೆ. ಇತಿಹಾಸಕ್ಕೆ ನಿಷ್ಠೆ ಎಂಬ ಹೆಸರಿನಲ್ಲಿ ಇತಿಹಾಸದಲ್ಲಿ ಯಾರೂ ತೊಡದ ಪಿನ್ನಿಗಾಗಿ ಒಬ್ಬ ಹೆಣ್ಣುಮಗಳ ಶ್ವಾಸಕೋಶವನ್ನು ಸುಡುತ್ತಿದ್ದರು.

ಇದನ್ನೆಲ್ಲ ವರದಿಯಲ್ಲಿ ಬರೆದೆ: ಫ್ಯಾನ್ ಓಡಬೇಕು, ತೊಟ್ಟಿಗೆ ಆವಿಯನ್ನು ಹೊರಗೆಳೆಯುವ ವ್ಯವಸ್ಥೆ ಬೇಕು, ಇಲ್ಲವೇ ಹಸಿರಿನ ಷರತ್ತನ್ನೇ ಬಿಡಬೇಕು. ಪ್ರತಿಯನ್ನು ವಿದೇಶಿ ಕಂಪನಿಗೂ ಕಳಿಸಿದೆ; ಇದು ಕಾರ್ಖಾನೆಯ ಆಂತರಿಕ ವಿಚಾರ ಎಂದು ಕಂಪನಿ ಉತ್ತರಿಸಿತು. ಮಾಲೀಕರು ಫ್ಯಾನಿನ ಗೋಜಿಗೆ ಹೋಗಲಿಲ್ಲ; ಮುಮ್ತಾಜ್‌ಳಿಗೆ 'ವಿಶ್ರಾಂತಿ' ಕೊಟ್ಟು ಮನೆಗೆ ಕಳಿಸಿದರು. ಮುಂದಿನ ಭೇಟಿಯಲ್ಲಿ ಅದೇ ತೊಟ್ಟಿಯ ಮುಂದೆ ಬೇರೊಬ್ಬಳು ಕೆಮ್ಮುತ್ತಿದ್ದಳು.

ಅಪಾಯವನ್ನು ತೆಗೆಯಿರಿ ಎಂದರೆ ಅಪಾಯಕ್ಕೆ ಸಿಕ್ಕವರನ್ನೇ ತೆಗೆದುಹಾಕುವವರಿದ್ದಾರೆ ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ.

ಆದ್ದರಿಂದ ಮಾಲೀಕರೇ, ಆ ತೊಟ್ಟಿಯನ್ನು ಇಂದೇ ಖಾಲಿ ಮಾಡಿ. ಮುಮ್ತಾಜ್‌ಳನ್ನು ವಾಪಸು ಕರೆದು, ಆವಿಯಿಲ್ಲದ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಕೊಟ್ಟು, ಅವಳ ಚಿಕಿತ್ಸೆಯನ್ನು ನೀವೇ ಮಾಡಿಸಿ. ಕಂಪನಿಯವರೇ, ಹೊಳೆಯುವ ಪಿನ್ನನ್ನೇ ಕೊಳ್ಳಿ. ಹಸಿರೇ ಬೇಕೆನ್ನುವ ಗಿರಾಕಿ ಅದನ್ನು ತನ್ನ ಹಿತ್ತಲಿನ ಮಣ್ಣಿನಲ್ಲಿ ಹೂತು ಕಾಯಲಿ.