ಕ್ಯಾಮೆರಾಕ್ಕೆ ಅಡ್ಡ ಬಂದ ಬೆನ್ನು

ಆಸ್ಪತ್ರೆಯ ನಮ್ಮ ನರರೋಗ ವಿಭಾಗದಲ್ಲಿ ಈ ಕಥೆಯನ್ನು ಎಲ್ಲರೂ ಹೇಳುವುದು ಒಂದೇ ರೀತಿ: ಮಲ್ಲಟದ ಒಬ್ಬ ತಾಯಿ ತನ್ನ ಮೂಢನಂಬಿಕೆಯಿಂದ ಮಗಳ ಮೆದುಳಿನ ಆಪರೇಷನ್ ತಪ್ಪಿಸಿದಳು. ಹೊಸಬರು ಬಂದಾಗಲೆಲ್ಲ ಹಿರಿಯರು ಹೇಳುತ್ತಾರೆ, ಹೊಸಬರು ನಗುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು ನಾನು. ಎದುರಾಳಿಯನ್ನು ಕರೆಯದೆ ಗೆದ್ದ ವಾದವನ್ನು ಗೆಲುವು ಅನ್ನುವುದಿಲ್ಲ. ಆ ತಾಯಿಯನ್ನು ಯಾರೂ ಕೇಳಿಲ್ಲ. ಅವತ್ತು ಕಿರಿಯ ಡಾಕ್ಟರನಾಗಿ ಪಕ್ಕದ ಕೋಣೆಯಲ್ಲಿ ತಂತ್ರಜ್ಞನ ಜೊತೆ ಮಾನಿಟರ್ ಮುಂದೆ ಕೂತಿದ್ದವನು ನಾನೇ.

ಮಗಳನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ರೊಟ್ಟಿ ಬೇಯಿಸುವಾಗ ಫಿಟ್ಸ್ ಬಂದು ಕೈ ಹಂಚಿನ ಮೇಲೆ ಬಿತ್ತು. ಗಂಡನ ಮನೆಯವರು ಆಕೆಯನ್ನು ತವರಿಗೆ ಕಳಿಸಿದರು, ಕೂಸನ್ನು ಇಟ್ಟುಕೊಂಡರು. "ನಿಂತ ಮ್ಯಾಲೆ ಬಾ" ಅಂದರಂತೆ. ಮಾತ್ರೆಗೆ ಅದು ನಿಲ್ಲಲಿಲ್ಲ. ಉಳಿದದ್ದು ಆಪರೇಷನ್ ಒಂದೇ.

ಆದರೆ ಸ್ಕ್ಯಾನಿನಲ್ಲಿ ಮೆದುಳಿನ ಎರಡೂ ಬದಿ ಕಲೆ ಇತ್ತು. ಫಿಟ್ಸ್ ಹುಟ್ಟುವುದು ಯಾವ ಬದಿಯಲ್ಲಿ ಅಂತ ತಿಳಿಯದೆ ಹೈದರಾಬಾದಿನ ಸರ್ಜನ್ ಕೈ ಹಾಕುವವರಲ್ಲ. ತಪ್ಪು ಬದಿ ತೆಗೆದರೆ ನೆನಪೇ ಹೋದೀತು. ಹಾಗಾಗಿ ರಾಯಚೂರಿನ ನಮ್ಮ ವಾರ್ಡಿನಲ್ಲಿ ಮಲಗಿಸಿ, ತಲೆಗೆ ತಂತಿ ಅಂಟಿಸಿ, ಮಾತ್ರೆ ಕಡಿಮೆ ಮಾಡಿ, ಕ್ಯಾಮೆರಾ ಇಟ್ಟು ಕಾಯಬೇಕು. ಫಿಟ್ಸ್ ಬರಬೇಕು. ಯಾವ ಕೈ ಮೊದಲು ಸೆಟೆಯುತ್ತದೆ, ಮುಖ ಎತ್ತ ತಿರುಗುತ್ತದೆ, ತಂತಿ ಏನು ಹೇಳುತ್ತದೆ, ಅದು ನಮಗೆ ಕಾಣಬೇಕು.

ಊಟದ ಹೊತ್ತಿಗೆ ಬಂತು. ಮಗಳು ಸುಮ್ಮನೆ ತುಟಿ ಚಪ್ಪರಿಸತೊಡಗಿದ್ದೇ ತಡ, ತಾಯಿ ಗಂಗಾಳ ತಳ್ಳಿ ಎದ್ದಳು. ಸೊಂಟದ ಕೀಲಿಕೈ ಗೊಂಚಲನ್ನು ಮಗಳ ಬಲಗೈಯಲ್ಲಿ ತುರುಕಿ, ಬೆರಳು ಬಿಗಿಹಿಡಿದಳು. ಕೈಯಲ್ಲಿ ಕಬ್ಬಿಣವಿದ್ದರೆ ಫಿಟ್ಸ್ ಇಳಿಯುತ್ತದೆ ಅನ್ನುವುದು ನಮ್ಮ ಕಡೆಯ ಮನೆಮನೆಯ ನಂಬಿಕೆ. ಮಾನ್ವಿಯ ನಮ್ಮ ಮನೆಯದೂ. ಆಮೇಲೆ ಸೆರಗು ಹೊದಿಸಿ ಮಗಳನ್ನು ತಬ್ಬಿ ಬಿದ್ದಳು. ತಂತಿಗಳು ಕಿತ್ತುಬಂದವು. ಮಾನಿಟರಿನಲ್ಲಿ ಉಳಿದದ್ದು ಆಕೆಯ ಬೆನ್ನು.

ತಂತ್ರಜ್ಞ ಬಾಗಿಲಿಗೆ ಓಡಿ ಕೂಗಿದ: "ಏ ಯವ್ವಾ, ಅತ್ತಾಗ ಸರಿ! ಕ್ಯಾಮೆರಾ ಅದ ಅಲ್ಲಿ!"

"ಗೊತ್ತದಲೇ! ಅದಕ್ಕ ಮುಚ್ಚಾಕತ್ತೀನಿ!"

ಹೊಸಬರಿಗೆ ಹೇಳುವ ಕಥೆಯಲ್ಲಿ ಈ ಮಾತು ಇರುವುದಿಲ್ಲ. ಕೀಲಿಕೈಯ ವಾದವನ್ನು ಹಿರಿಯರಿಗೆ ಬಿಟ್ಟುಕೊಡುತ್ತೇನೆ. ಕಬ್ಬಿಣಕ್ಕೆ ಅಂಥ ಗುಣವೇನೂ ಇಲ್ಲ. ಆದರೆ ಸೆರಗು? ಹಾಸಿಗೆ ಒದ್ದೆಯಾಗಿತ್ತು, ಮಗಳ ಸೀರೆ ಮೊಣಕಾಲು ದಾಟಿತ್ತು, ನಾವಿಬ್ಬರು ಗಂಡಸರು ಕಣ್ಣು ನೆಟ್ಟು ಕೂತಿದ್ದೆವು. ಇದನ್ನು ಮುಚ್ಚುವುದು ಮೂಢನಂಬಿಕೆಯಾದರೆ ಮರ್ಯಾದೆ ಅನ್ನುವುದು ಯಾವುದಕ್ಕೆ?

ಇಷ್ಟನ್ನೂ ನಮ್ಮ ಹಿರಿಯ ಡಾಕ್ಟರ ಮುಂದೆ ಹೇಳಿದೆ. ಮಾನಿಟರ್ ನೋಡಲು ಹೆಣ್ಣುಮಗಳೊಬ್ಬಳನ್ನು ಕೂಡಿಸಬಹುದಿತ್ತು ಅಂತಲೂ ಅಂದೆ.

"ಇದ್ದರಲ್ಲೇನೋ ಕೂಡಸೋದು? ಡಿಬೇಟ್ ಗೆದ್ದಿ ತಮ್ಮಾ, ತೊಗೋ ಕಪ್. ಈಗ ಹೇಳು, ಆಕಿ ಬೆನ್ನಿನ ವಿಡಿಯೋ ಸರ್ಜನ್‌ಗ ಕಳಸಲೇನು?"

ಅಷ್ಟರಲ್ಲಿ ತಾಯಿ ಮಗಳನ್ನು ಊರಿಗೆ ಕರೆದೊಯ್ದಿದ್ದಳು.

ಮತ್ತೊಮ್ಮೆ ಭರ್ತಿಯಾಗಲು ಒಪ್ಪಿಸೋಣ ಅಂತ ಮಲ್ಲಟಕ್ಕೆ ಹೋದೆ. ತಾಯಿ ಹೊಸ್ತಿಲಲ್ಲೇ ಹಿಡಿದಳು.

"ಇದು ಬರಬಾರ್ದು ಅಂತ ಕಂಡಕಂಡ ದೇವ್ರಿಗೆ ಕೈ ಮುಗದೀನಿ. ನೀವು ಗುಳಿಗಿ ಬಿಡಿಸಿ, ಬರಲಿ ಅಂತ ಕುಂತು ಕಾಯ್ತೀರಿ. ಓದಿದವರ ಕೆಲಸ ಏನೋ ಯಪ್ಪಾ ಇದು?"

ಯಾಕೆ ಬರಬೇಕು ಅನ್ನುವುದನ್ನು ಬಿಡಿಸಿ ಹೇಳಿದೆ. ಆಕೆ ತಕರಾರಿಲ್ಲದೆ ಕೇಳಿದಳು, ಅದೇ ನನಗೆ ಭಾರವಾಯಿತು.

"ತಿಳೀತು. ಆದ್ರ ನಾ ಒಳಗಿದ್ರ ಮತ್ತ ಮುಚ್ಚೇ ಮುಚ್ತೀನಿ. ಈ ಕೈ ನನ್ನ ಮಾತು ಕೇಳಂಗಿಲ್ಲ." ಅಷ್ಟು ಹೇಳಿ ಚಹಾಕ್ಕಿಡಲು ಒಳಗೆ ಹೋದಳು.

ಮಗಳು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಸುಟ್ಟ ಬೆರಳುಗಳು ಮಡಚುತ್ತಿರಲಿಲ್ಲ; ಕಾಯಿಗಳನ್ನು ಅಂಗೈಯಿಂದಲೇ ಒತ್ತಿ ಒಡೆಯುತ್ತಿದ್ದಳು.

"ಕೂಸು ಈಗ ನಮ್ಮತ್ತಿಗೇ ಅವ್ವಾ ಅಂತದಂತ್ರಿ," ಅಂದಳು, ತಲೆ ಎತ್ತದೆ.

ಒಳಗೆ ಪಾತ್ರೆಯ ಸದ್ದಾಯಿತು. ನಾನು ದನಿ ತಗ್ಗಿಸಿದೆ.

"ತಂಗೀ, ನಿಮ್ಮವ್ವನ್ನ ಹೊರಗ ಕುಂದರಿಸಿ, ಆ ಕ್ಯಾಮೆರಾದ ಮುಂದ ಒಬ್ಬಾಕಿನೇ ಮಲಕೋತೀ ಏನವಾ?"